ಬೆನ್ನುಹುರಿ ಪೆಟ್ಟಿನ ನಂತರದ ಮೂತ್ರದ ತೊಂದರೆ: ಕರೆಂಟ್ ಎಲ್ಲಿಗೆ ಕೊಡ್ತಾರೆ, ಯಾತಕ್ಕೆ ಕೊಡ್ತಾರೆ

ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ ಮಾತು, "ಕಾಲು ಆಡ್ಲತ್ತಾವೇನು?" ಮಲಗಿದವರ ತಲೆಯಲ್ಲಿ ಮಾತ್ರ ಬಹಳ ಸಲ ಬೇರೆ ಚಿಂತೆ ಇರುತ್ತದೆ. ಮೂತ್ರದ್ದು. ಯಾವಾಗ ಬರುತ್ತೆ ಗೊತ್ತಾಗಲ್ಲ, ಬಂದರೆ ತಡೆಯಲು ಆಗಲ್ಲ, ಹೋಗಬೇಕು ಅಂತ ಕೂತರೆ ಬರಲ್ಲ. ಬಸ್ ಹತ್ತಲು ಭಯ, ಮದುವೆಗೆ ಹೋಗಲು ಭಯ, ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ವಾಸನೆಯ ಭಯ. ಏನು ಮೊದಲು ವಾಪಸ್ ಬರಬೇಕು ಅಂತ ಹೊರದೇಶಗಳಲ್ಲಿ ಪೆಟ್ಟಾದವರನ್ನೇ ಕೇಳಿದ್ದಾರೆ. ಮೂತ್ರ, ಮಲ, ದಾಂಪತ್ಯ ಇವು ಬಹಳ ಸಲ ನಡಿಗೆಗಿಂತ ಮೇಲೆ ಬಂದಿವೆ.

ನಮ್ಮ ಕಡೆ ಈ ಪೆಟ್ಟು ಬೀಳುವ ದಾರಿಗಳು ಗೊತ್ತಿರುವವೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲಿನ ಗಣಿಯಲ್ಲಿ ಮೈಮೇಲೆ ಕಲ್ಲು ಬೀಳುತ್ತದೆ. ಯಾದಗಿರಿಯಿಂದ ಪುಣೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು ಮೇಲಿಂದ ಬೀಳುತ್ತಾರೆ. ಬೈಕ್ ಅಪಘಾತ, ಮರದಿಂದ ಬೀಳುವುದು, ಬಾವಿಗೆ ಬೀಳುವುದು ಇದ್ದೇ ಇದೆ. ಆಪರೇಷನ್ ಮುಗಿಸಿ, ಯೂರಿನ್ ಬ್ಯಾಗ್ ಹಾಕಿಕೊಂಡೇ ಊರಿಗೆ ಬರುತ್ತಾರೆ. ಫಿಜಿಯೋಥೆರಪಿ ಕೆಲಸದಲ್ಲಿರುವ ನನ್ನನ್ನು ಅವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಮೇಡಮ್ರೀ, ಕರೆಂಟ್ ಹಚ್ಚಿದ್ರ ಪೈಪ್ ತೆಗೀಬಹುದೇನ್ರಿ?" ಕರೆಂಟ್ ಚಿಕಿತ್ಸೆ ಅನ್ನುವುದು ಒಂದೇ ಚಿಕಿತ್ಸೆ ಆಗಿದ್ದರೆ ಹೂಂ ಅಥವಾ ಇಲ್ಲ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದರಲ್ಲಿ ನಾಲ್ಕೈದು ಬಗೆ ಇವೆ. ಕೆಲವು ಮೂತ್ರಕೋಶವನ್ನು ಸುಮ್ಮನಿರಿಸುತ್ತವೆ, ಕೆಲವು ಅದನ್ನು ಹಿಂಡುತ್ತವೆ. ಯಾರಿಗೆ ಯಾವುದು ಬೇಕು ಅಂತ ತಿಳಿಯದೆ ಕರೆಂಟ್ ಹಚ್ಚಿಸಿಕೊಂಡರೆ ದುಡ್ಡು ಹೋಗುತ್ತದೆ, ಅದಕ್ಕಿಂತ ಜಾಸ್ತಿ ಕಿಡ್ನಿ ಕಾಪಾಡಿಕೊಳ್ಳುವ ಸಮಯ ಹೋಗುತ್ತದೆ.

ಅದಕ್ಕೇ ಮೊದಲು ಮೂತ್ರಕೋಶ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಕಿಡ್ನಿಯಿಂದ ಮೂತ್ರ ಸ್ವಲ್ಪ ಸ್ವಲ್ಪವೇ ಇಳಿದು ಮೂತ್ರಕೋಶದಲ್ಲಿ ಸೇರುತ್ತದೆ. ದೊಡ್ಡವರಿಗೆ 400ರಿಂದ 500 ಮಿಲಿಲೀಟರ್ ಸೇರುವಷ್ಟರಲ್ಲಿ ಚೆನ್ನಾಗಿಯೇ ಅವಸರ ಆಗುತ್ತದೆ. ಇಲ್ಲಿ ಎರಡು ಸ್ನಾಯುಗಳ ಕೆಲಸ ಇದೆ. ಮೂತ್ರಕೋಶದ ಗೋಡೆಯೇ ಒಂದು ಸ್ನಾಯು, ಅದು ಹಿಂಡುತ್ತದೆ. ಕೆಳಗೆ ಬಾಯಿ ಹತ್ತಿರ ಬಳೆಯಾಕಾರದ ಇನ್ನೊಂದು ಸ್ನಾಯು ಇದೆ, ಅದು ತಡೆಯುತ್ತದೆ. ತುಂಬುವಾಗ ಗೋಡೆ ಸಡಿಲ, ಬಾಯಿ ಬಿಗಿ. ಹೋಗುವಾಗ ಗೋಡೆ ಬಿಗಿ, ಬಾಯಿ ಸಡಿಲ. ಇವೆರಡನ್ನು ಹೀಗೆ ಹೊಂದಿಸಿ ನಡೆಸುವ ಕೇಂದ್ರ ಮೆದುಳಿನ ಬುಡದಲ್ಲಿದೆ. ಅದರ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು, ಹುರಿಯ ತೀರಾ ಕೆಳತುದಿಯ ಎಸ್2, ಎಸ್3, ಎಸ್4 ಅನ್ನುವ ಭಾಗಗಳಿಗೆ ಬಂದು, ಅಲ್ಲಿಂದ ನರಗಳ ಮೂಲಕ ಮೂತ್ರಕೋಶಕ್ಕೆ ಹೋಗುತ್ತದೆ.

ಇಲ್ಲೊಂದು ವಿಷಯ ಗಮನಿಸಬೇಕು. ಈ ಎಸ್ ಭಾಗಗಳು ಸೊಂಟದ ಕೆಳಗೆ ಇವೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಯಾಕೆಂದರೆ ಆ ಹೆಸರಿನ ಮೂಳೆ ಅಲ್ಲಿದೆ. ಆದರೆ ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದ ಇಲ್ಲ. ಅದು ಸುಮಾರಾಗಿ ಎಲ್1 ಮೂಳೆಯ (ಸೊಂಟದ ಮೊದಲ ಮೂಳೆ) ಹತ್ತಿರವೇ ಮುಗಿಯುತ್ತದೆ, ಅಲ್ಲಿಂದ ಕೆಳಗೆ ಬರೀ ನರಗಳ ಗೊಂಚಲು. ಅಂದರೆ ಮೂತ್ರದ ಕೆಳಗಿನ ಕೇಂದ್ರವಾದ ಈ ಎಸ್ ಭಾಗಗಳು (ಮುಂದೆ ಮೂತ್ರದ ಕೇಂದ್ರ ಅಂದರೆ ಇದೇ) ಇರುವುದು ಡಿ12 (ಎದೆಯ ಹಿಂದಿನ ಕೊನೆಯ ಮೂಳೆ), ಎಲ್1 ಮೂಳೆಗಳ ಹಿಂದೆ. ಎತ್ತರದಿಂದ ಬಿದ್ದವರಲ್ಲಿ ಬಹಳ ಸಲ ಮುರಿಯುವುದೂ ಇದೇ ಜಾಗ. ಹಾಗಾಗಿ ಕಟ್ಟಡದಿಂದ ಬಿದ್ದವರ ಮೂತ್ರದ ತೊಂದರೆ ಮತ್ತು ಕುತ್ತಿಗೆಗೆ ಪೆಟ್ಟಾದವರ ಮೂತ್ರದ ತೊಂದರೆ ಒಂದೇ ಥರ ಇರಬೇಕು ಅಂತಿಲ್ಲ. ಚಿಕಿತ್ಸೆಯೂ ಒಂದೇ ಥರ ಇರಲ್ಲ.

ಪೆಟ್ಟಾದ ಹೊಸದರಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರ ಮೂತ್ರಕೋಶವೂ ಸಡಿಲವಾಗಿ ಬಿದ್ದಿರುತ್ತದೆ. ಇದಕ್ಕೆ ಸ್ಪೈನಲ್ ಶಾಕ್ ಅನ್ನುತ್ತಾರೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಆಮೇಲೆ ದಾರಿ ಎರಡಾಗುತ್ತದೆ.

ಮೂತ್ರದ ಕೇಂದ್ರ ಉಳಿದು, ಅದರ ಮೇಲೆ ಎಲ್ಲೋ ಹುರಿ ಕೆಟ್ಟಿದ್ದರೆ, ಕೆಳಗಿನ ಕೇಂದ್ರ ಮೆದುಳಿನ ಮಾತು ಕೇಳದೆ ತಾನೇ ಕೆಲಸ ಶುರು ಮಾಡುತ್ತದೆ. ಸ್ವಲ್ಪ ತುಂಬಿದರೂ ಗೋಡೆ ಹಿಂಡಲು ಶುರು. ಮೆದುಳಿನಿಂದ ಬರಬೇಕಾದ "ಬಾಯಿ ಸಡಿಲ ಬಿಡು" ಅನ್ನುವ ಆಜ್ಞೆ ಬರದ ಕಾರಣ ಅದೇ ಹೊತ್ತಿಗೆ ಬಾಯಿಯೂ ಬಿಗಿಯಾಗುತ್ತದೆ. ಹೊಲದಲ್ಲಿ ವಾಲ್ವ್ ಮುಚ್ಚಿಟ್ಟು ಬೋರಿನ ಮೋಟಾರ್ ಚಾಲೂ ಮಾಡಿದರೆ ಏನಾಗುತ್ತೆ, ಅದೇ ಇಲ್ಲೂ. ಒಳಗೆ ಒತ್ತಡ ಏರುತ್ತದೆ, ಒಂದಿಷ್ಟು ಸಂದಿಯಲ್ಲಿ ಸೋರುತ್ತದೆ, ಉಳಿದದ್ದು ಹಿಂದಕ್ಕೆ ಒತ್ತುತ್ತದೆ. ಹಿಂದೆ ಇರುವುದು ಕಿಡ್ನಿ. ಈ ಒತ್ತಡ 40 ಸೆಂಟಿಮೀಟರ್ ನೀರಿನ ಎತ್ತರದಷ್ಟು ದಾಟಿ ಹಾಗೇ ಮುಂದುವರಿದರೆ ಕಿಡ್ನಿಗೆ ಅಪಾಯ ಅಂತ 1980ರ ದಶಕದಿಂದಲೂ ವೈದ್ಯರು ಲೆಕ್ಕ ಇಟ್ಟುಕೊಂಡಿದ್ದಾರೆ. ಸ್ಪರ್ಶ ಇಲ್ಲದ ಮೈಯಲ್ಲಿ ಇದು ನೋಯದೇ ನಡೆಯುತ್ತದೆ, ಅದೇ ದೊಡ್ಡ ಮೋಸ. ಬಟ್ಟೆ ಒದ್ದೆಯಾಗುವುದು ಕಣ್ಣಿಗೆ ಕಾಣುತ್ತೆ, ಕಿಡ್ನಿ ಊದಿಕೊಳ್ಳುವುದು ಕಾಣಲ್ಲ.

ಕೇಂದ್ರಕ್ಕೇ ಪೆಟ್ಟಾಗಿದ್ದರೆ ಅಥವಾ ಅದರ ಕೆಳಗಿನ ನರದ ಗೊಂಚಲು ಹೋಗಿದ್ದರೆ, ಮೂತ್ರಕೋಶ ಸಡಿಲವಾಗಿಯೇ ಉಳಿಯುತ್ತದೆ. ಹಿಂಡುವುದೇ ಇಲ್ಲ. ತುಂಬಿ ತುಂಬಿ ಮೇಲಿನದ್ದು ಸೋರುತ್ತದೆ. ಎರಡರ ಮಿಶ್ರಣ ಇರುವವರೂ ಇದ್ದಾರೆ.

ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ, ಸೋರಿಕೆ. ಒಳಗೆ ಯಾವುದು ಅಂತ ಹೇಳುವುದು ಯುರೋಡೈನಮಿಕ್ ಅನ್ನುವ ಟೆಸ್ಟ್. ಸಣ್ಣ ನಳಿಗೆ ಹಾಕಿ, ನಿಧಾನವಾಗಿ ನೀರು ತುಂಬಿಸುತ್ತ ಒಳಗಿನ ಒತ್ತಡ ಅಳೆಯುತ್ತಾರೆ. ಕರೆಂಟ್ ಚಿಕಿತ್ಸೆಯ ಬಗ್ಗೆ ಯಾರಾದರೂ ಮಾತಾಡಿದರೆ ಮೊದಲು ಕೇಳಬೇಕಾದ್ದು ಇದೇ, ಈ ಟೆಸ್ಟ್ ಆಗಿದೆಯಾ, ಒತ್ತಡ ಎಷ್ಟು ಬಂತು? ಈ ಟೆಸ್ಟಿಗೆ ಯುರಾಲಜಿ (ಮೂತ್ರದ ರೋಗಗಳ) ವಿಭಾಗದಲ್ಲಿ ವಿಚಾರಿಸಬೇಕು. ಎಲ್ಲ ಕಡೆ ಆ ಯಂತ್ರ ಇರಲ್ಲ. ನಮ್ಮ ಭಾಗದವರು ಇಂಥದಕ್ಕೆಲ್ಲ ಹೈದರಾಬಾದ್ ಅಥವಾ ಸೊಲ್ಲಾಪುರದ ಕಡೆ ಹೋಗುವುದು ರೂಢಿ. ಹೋಗುವುದೇ ಆದರೆ ಒಂದೇ ಓಡಾಟದಲ್ಲಿ ಕಿಡ್ನಿಯ ಸೋನೋಗ್ರಫಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ ಟೆಸ್ಟ್ ಎರಡನ್ನೂ ಮಾಡಿಸಿಕೊಂಡು ಬನ್ನಿ.

ಈಗ ಕರೆಂಟ್. ನರ ಅನ್ನುವುದು ತಾನೇ ಸಣ್ಣ ವಿದ್ಯುತ್ ಸಂಕೇತಗಳನ್ನು ಸಾಗಿಸುವಂಥದ್ದು. ಹೊರಗಿನಿಂದ ಸಣ್ಣ ಸಣ್ಣ ಮಿಡಿತಗಳಾಗಿ ಕರೆಂಟ್ ಕೊಟ್ಟರೆ ಆ ನರ ತನಗೇ ಸಂಕೇತ ಬಂತು ಅನ್ನುವ ಹಾಗೆ ಅದನ್ನು ಮುಂದೆ ಸಾಗಿಸುತ್ತದೆ. ಅಷ್ಟೇ. ಈ ಕರೆಂಟ್ ಕಡಿದ ಬೆನ್ನುಹುರಿಯನ್ನು ಕೂಡಿಸಲ್ಲ. ಹಾಗೆ ಕೂಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವ ಬಗೆ ಹಿಮ್ಮಡಿ ಹತ್ತಿರ ಕೊಡುವ ಕರೆಂಟ್. "ಕಾಲಿಗಿ ಕರೆಂಟ್ ಹಚ್ಚಿದ್ರ ಉಚ್ಚಿ ಹೆಂಗ ನಿಂದರ್ತದ?" ಅಂತ ಕೇಳುವುದು ಸಹಜ. ಕಣಕಾಲಿನ ಒಳಭಾಗದಲ್ಲಿ ಟಿಬಿಯಲ್ ನರ ಹಾದುಹೋಗುತ್ತದೆ. ಅದರ ಬೇರುಗಳು ಎಲ್4ರಿಂದ ಎಸ್3ರವರೆಗೆ ಇವೆ. ಮೂತ್ರಕೋಶದ ನರಗಳ ಬೇರೂ ಎಸ್2, ಎಸ್3ರಲ್ಲೇ ಇದೆ, ಅಲ್ವಾ? ಹಾಗಾಗಿ ಕಾಲಿನಿಂದ ಮೇಲೆ ಹೋದ ಸಂಕೇತ ಅದೇ ಕೇಂದ್ರಕ್ಕೆ ತಲುಪಿ, ಅಲ್ಲಿ ಮೂತ್ರಕೋಶದ ಅತಿಯಾದ ಹಿಂಡುವಿಕೆಯನ್ನು ತಗ್ಗಿಸುತ್ತದೆ. ಇದರಲ್ಲಿ ಎರಡು ವಿಧಾನ. ಒಂದು, ಕಣಕಾಲಿನ ಒಳಗಂಟಿನಿಂದ ಸುಮಾರು ಮೂರು ಬೆರಳು ಮೇಲೆ ತೆಳು ಸೂಜಿ ಚುಚ್ಚಿ, ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಆಸ್ಪತ್ರೆಯಲ್ಲಿ ಕೊಡುವುದು. ಇನ್ನೊಂದು, ಸೂಜಿ ಇಲ್ಲದೆ ಎರಡು ಪ್ಯಾಡ್ ಅಂಟಿಸಿ, ಚರ್ಮದ ಮೇಲಿಂದ ಕರೆಂಟ್ ಕೊಡುವ ಟೆನ್ಸ್ ಅನ್ನುವ ಸಣ್ಣ ಯಂತ್ರದಿಂದ ಕೊಡುವುದು. ಇದನ್ನು ಕಲಿತುಕೊಂಡರೆ ಮನೆಯಲ್ಲೇ ಮಾಡಬಹುದು. ಹೆಚ್ಚಾಗಿ ಸೆಕೆಂಡಿಗೆ 10ರಿಂದ 20 ಮಿಡಿತ, ಒಂದೊಂದು ಮಿಡಿತ 200 ಮೈಕ್ರೋಸೆಕೆಂಡ್ ಇಡುತ್ತಾರೆ. ಕರೆಂಟ್ ಸ್ವಲ್ಪ ಏರಿಸಿದಾಗ ಹೆಬ್ಬೆರಳು ಕೆಳಗೆ ಬಾಗಿದರೆ ಪ್ಯಾಡ್ ಸರಿಯಾದ ಜಾಗದಲ್ಲಿದೆ ಅಂತ ಲೆಕ್ಕ. ಮೇಲೆ ಹುರಿ ಪೂರ್ತಿ ಕಡಿದವರಲ್ಲೂ ಕೆಳಗಿನ ನರ ಚೆನ್ನಾಗಿದ್ದರೆ ಬೆರಳು ಬಾಗುತ್ತದೆ. ಅದನ್ನು ನೋಡಿ ಕಾಲು ಬಂತು ಅಂತ ಮನೆಯವರು ಖುಷಿಪಡುತ್ತಾರೆ. ಅದು ಹಾಗಲ್ಲ ಅಂತ ಆಗಲೇ ಮೆತ್ತಗೆ ಹೇಳಿಬಿಡುವುದು ಒಳ್ಳೆಯದು.

ಇದರಿಂದ ಎಷ್ಟು ಉಪಯೋಗ? ಬೆನ್ನುಹುರಿ ಪೆಟ್ಟಿಲ್ಲದೆ ಬರೀ ಅವಸರದ ಮೂತ್ರ ಇರುವವರಲ್ಲಿ ಇದರ ಉಪಯೋಗ ಗಟ್ಟಿಯಾಗಿ ಕಂಡಿದೆ. ಬೆನ್ನುಹುರಿ ಪೆಟ್ಟಾದವರಲ್ಲಿ ನಡೆದ ಅಧ್ಯಯನಗಳು ಚಿಕ್ಕವು. ಕೆಲವರಲ್ಲಿ ಮೂತ್ರಕೋಶ ಜಾಸ್ತಿ ಹಿಡಿಯುತ್ತದೆ, ಸೋರಿಕೆ ಕಡಿಮೆಯಾಗುತ್ತದೆ, ಕೆಲವರಲ್ಲಿ ಏನೂ ಆಗಲ್ಲ. ಮೂತ್ರಕೋಶ ಹದಗೆಡುವ ಮೊದಲೇ, ಪೆಟ್ಟಾದ ಮೊದಲ ವಾರಗಳಲ್ಲೇ ಶುರು ಮಾಡಿದರೆ ಹೇಗೆ ಅಂತ ಅಮೆರಿಕದ ಹ್ಯೂಸ್ಟನ್‌ನಲ್ಲೂ ಸ್ವಿಟ್ಜರ್ಲೆಂಡ್‌ನಲ್ಲೂ ಪರೀಕ್ಷೆ ಮಾಡಿ ನೋಡಿದ್ದಾರೆ. ನನಗೆ ಈ ವಿಚಾರ ಸರಿ ಅನಿಸುತ್ತದೆ, ಯಾಕೆಂದರೆ ಇದರಲ್ಲಿ ಖರ್ಚು ಕಡಿಮೆ, ಎಚ್ಚರಿಕೆಯಿಂದ ಮಾಡಿದರೆ ಹಾನಿಯೂ ಕಡಿಮೆ. ಆದರೆ ಇದು ಸಂಗ್ರಹದ ಚಿಕಿತ್ಸೆ. ಹಿಡಿದಿಡಲು ಸಹಾಯ ಮಾಡುತ್ತದೆ, ಖಾಲಿ ಮಾಡಲ್ಲ. ಖಾಲಿ ಮಾಡಲು ಪೈಪ್ ಬೇಕೇ ಬೇಕು.

ಜನನಾಂಗದ ಮೇಲ್ಭಾಗದ ಚರ್ಮದಲ್ಲಿ ಹಾದುಹೋಗುವ ನರಕ್ಕೆ ಪ್ಯಾಡ್ ಅಂಟಿಸಿ ಕೊಡುವುದು ಇನ್ನೊಂದು ಬಗೆ. ಹೇಳಲು ಕೇಳಲು ಮುಜುಗರ ಆಗಬಹುದು, ಆದರೆ ವಿಷಯ ಗೊತ್ತಿರಲಿ. ಹುರಿ ಪೂರ್ತಿ ಕಡಿದವರಲ್ಲೂ ಇದು ಮೂತ್ರಕೋಶದ ಹಿಂಡುವಿಕೆಯನ್ನು ಆ ಕ್ಷಣವೇ ತಡೆಯುವುದು ಪರೀಕ್ಷೆಗಳಲ್ಲಿ ಕಂಡಿದೆ. ಕರೆಂಟ್ ನಿಂತ ಮೇಲೆ ಪರಿಣಾಮ ಹೆಚ್ಚು ಹೊತ್ತು ಉಳಿಯಲ್ಲ. ದಿನವಿಡೀ ಪ್ಯಾಡ್ ಹಾಕಿಕೊಂಡು ಓಡಾಡುವುದು ಕಷ್ಟ, ಅದಕ್ಕೇ ಇದು ಇನ್ನೂ ಬಳಕೆಗೆ ಅಷ್ಟಾಗಿ ಬಂದಿಲ್ಲ.

ಇನ್ನು ಮೈಯೊಳಗೆ ಇಡುವ ಯಂತ್ರಗಳು. ಸೊಂಟದ ಹಿಂದಿನ ಮೂಳೆಯ ರಂಧ್ರದಲ್ಲಿ ಎಸ್3 ನರದ ಪಕ್ಕ ತೆಳು ತಂತಿ ಕೂರಿಸಿ, ಪೃಷ್ಠದ ಚರ್ಮದ ಕೆಳಗೆ ಬ್ಯಾಟರಿ ಇಡುವ ವಿಧಾನವನ್ನು 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತನಾಘೋ ಮತ್ತು ಶ್ಮಿಡ್ಟ್ ಅನ್ನುವ ವೈದ್ಯರು ಬೆಳೆಸಿದರು. 1997ರಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಟರ್‌ಸ್ಟಿಮ್ ಅನ್ನುವ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಅದು ಬೆನ್ನುಹುರಿ ಪೆಟ್ಟಿಗಾಗಿ ಕೊಟ್ಟ ಒಪ್ಪಿಗೆ ಆಗಿರಲಿಲ್ಲ. ಇದರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮೊದಲು ತಂತಿ ಮಾತ್ರ ಹಾಕಿ, ಬ್ಯಾಟರಿ ಹೊರಗಿಟ್ಟು, ಒಂದೆರಡು ವಾರ ಪರೀಕ್ಷೆ ಮಾಡುತ್ತಾರೆ. ತೊಂದರೆ ಅರ್ಧಕ್ಕಾದರೂ ಇಳಿದರೆ ಮಾತ್ರ ಬ್ಯಾಟರಿ ಒಳಗೆ. ಹುರಿಯಲ್ಲಿ ಒಂದಿಷ್ಟು ಎಳೆಗಳು ಉಳಿದವರಿಗೆ, ಅಂದರೆ ಸ್ವಲ್ಪವಾದರೂ ಸ್ಪರ್ಶ, ಚಲನೆ ಇರುವವರಿಗೆ ಇದು ಕೆಲಸ ಮಾಡುವ ಸಂಭವ ಇದೆ. ಪೂರ್ತಿ ಕಡಿದವರಿಗೆ ಸಾಮಾನ್ಯವಾಗಿ ಇಲ್ಲ. 2010ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಪೂರ್ತಿ ಕಡಿದ ಹತ್ತು ಮಂದಿಗೆ ಸ್ಪೈನಲ್ ಶಾಕ್ ಇನ್ನೂ ಇರುವಾಗಲೇ ಯಂತ್ರ ಕೂರಿಸಿದಾಗ ಮೂತ್ರಕೋಶ ಅತಿಯಾಗಿ ಹಿಂಡುವ ಹಂತವೇ ಬರಲಿಲ್ಲ. ಆಸೆ ಹುಟ್ಟಿಸುವ ಫಲಿತಾಂಶ, ಆದರೆ ಹತ್ತು ಮಂದಿ ಅಷ್ಟೇ. ಖರ್ಚು ಲಕ್ಷಗಟ್ಟಲೆ.

ಮೇಲೆ ಹೇಳಿದ್ದೆಲ್ಲ ಸುಮ್ಮನಿರಿಸುವ ಕರೆಂಟ್. ಹಿಂಡುವ ಕರೆಂಟ್ ಬೇರೆಯೇ. ಲಂಡನ್ನಿನ ಗೈಲ್ಸ್ ಬ್ರಿಂಡ್ಲಿ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಮನುಷ್ಯರಲ್ಲಿ ಶುರು ಮಾಡಿದರು. ನನ್ನನ್ನು ಕೇಳಿದರೆ ಈ ಇಡೀ ವಿಷಯದಲ್ಲಿ ಅತಿ ಜಾಣ ಕೆಲಸ ಇದು. ಎಸ್2ರಿಂದ ಎಸ್4ರವರೆಗಿನ ನರಗಳ ಮುಂದಿನ ಬೇರು ಆಜ್ಞೆ ಒಯ್ಯುತ್ತದೆ, ಹಿಂದಿನ ಬೇರು ಸುದ್ದಿ ತರುತ್ತದೆ. ಬ್ರಿಂಡ್ಲಿ ಮುಂದಿನ ಬೇರುಗಳಿಗೆ ತಂತಿ ಕೂರಿಸಿದರು. ಹೊರಗಿನಿಂದ ಚರ್ಮದ ಮೇಲೆ ಒಂದು ಸಾಧನ ಹಿಡಿದು ಬಟನ್ ಒತ್ತಿದರೆ ರೇಡಿಯೋ ಅಲೆಯಿಂದ ಒಳಗಿನ ಯಂತ್ರ ಚಾಲೂ ಆಗುತ್ತದೆ. ಆದರೆ ಕರೆಂಟ್ ಕೊಟ್ಟರೆ ಗೋಡೆಯೂ ಬಿಗಿ, ಬಾಯಿಯೂ ಬಿಗಿ. ಹಾಗಾದರೆ ಮೂತ್ರ ಬರುವುದು ಹೇಗೆ? ಬಾಯಿಯ ಸ್ನಾಯು ಕೈಕಾಲಿನ ಸ್ನಾಯುವಿನ ಜಾತಿಯದ್ದು, ಬೇಗ ಬಿಗಿದು ಬೇಗ ಸಡಿಲಾಗುತ್ತದೆ. ಗೋಡೆಯ ಸ್ನಾಯು ನಿಧಾನ, ತಡವಾಗಿ ಬಿಗಿದು ತಡವಾಗಿ ಸಡಿಲಾಗುತ್ತದೆ. ಹಾಗಾಗಿ ಕೆಲವು ಸೆಕೆಂಡ್ ಕರೆಂಟ್, ಕೆಲವು ಸೆಕೆಂಡ್ ಬಿಡುವು ಹೀಗೆ ಕೊಟ್ಟರೆ, ಬಿಡುವಿನಲ್ಲಿ ಬಾಯಿ ತಟ್ಟನೆ ತೆರೆದುಕೊಳ್ಳುತ್ತದೆ, ಗೋಡೆ ಮಾತ್ರ ಇನ್ನೂ ಹಿಂಡುತ್ತಲೇ ಇರುತ್ತದೆ. ಮೂತ್ರ ನಿಂತು ನಿಂತು ಬರುತ್ತದೆ, ಮೂತ್ರಕೋಶ ಹೆಚ್ಚುಕಡಿಮೆ ಖಾಲಿಯಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂತ್ರಕೋಶ ತಾನೇ ಹಿಂಡುವುದನ್ನು ನಿಲ್ಲಿಸಲು ಹಿಂದಿನ ಬೇರುಗಳನ್ನು ಸಾಮಾನ್ಯವಾಗಿ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ವಾಪಸ್ ಇಲ್ಲ. ಆ ಭಾಗದಲ್ಲಿ ಉಳಿದ ಸ್ಪರ್ಶ ಹೋಗುತ್ತದೆ, ಗಂಡಸರಲ್ಲಿ ತಾನಾಗಿ ಬರುತ್ತಿದ್ದ ಉದ್ರೇಕವೂ ಹೋಗುತ್ತದೆ. ಇದನ್ನು ಆಪರೇಷನ್ನಿಗೆ ಮೊದಲು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಬೇಕು. ಹುರಿ ಪೂರ್ತಿ ಕಡಿದು, ಕೆಳಗಿನ ನರ ಜೀವಂತ ಇರುವವರಿಗೆ ಮಾತ್ರ ಇದು ಸಾಧ್ಯ. ಮಾಡುವ ಕೇಂದ್ರಗಳೂ ಕಡಿಮೆ.

ಡಿ12, ಎಲ್1 ಮುರಿದವರ ಮಾತು ಇಲ್ಲಿ ಮತ್ತೆ ಬರುತ್ತದೆ. ಮೂತ್ರದ ಕೇಂದ್ರವೋ ಅದರ ನರಗಳೋ ಪೂರ್ತಿ ಸತ್ತಿದ್ದರೆ ಈ ಯಾವ ಕರೆಂಟೂ ಹೆಚ್ಚು ಕೆಲಸ ಮಾಡಲ್ಲ, ಯಾಕೆಂದರೆ ಎಲ್ಲದಕ್ಕೂ ಆ ದಾರಿಯೇ ಬೇಕು. ಸಡಿಲ ಮೂತ್ರಕೋಶದವರು ಕಾಲಿಗೆ ತಿಂಗಳುಗಟ್ಟಲೆ ಕರೆಂಟ್ ಹಚ್ಚಿಸಿಕೊಳ್ಳುವುದನ್ನು ನೋಡಿದರೆ ಸಂಕಟ ಆಗುತ್ತದೆ. ಬೆನ್ನುಹುರಿಗೇ ಹೊರಗಿನಿಂದಲೋ ಒಳಗಿನಿಂದಲೋ ಕರೆಂಟ್ ಕೊಡುವ ಪ್ರಯೋಗಗಳು ಹೊರದೇಶದಲ್ಲಿ ನಡೆಯುತ್ತಿವೆ, ಆದರೆ ಮೂತ್ರದ ಮಟ್ಟಿಗೆ ಅವು ಇನ್ನೂ ಪ್ರಯೋಗಗಳೇ.

ಮನೆಯಲ್ಲಿ ಯಂತ್ರ ಬಳಸುವವರಿಗೆ ಎಚ್ಚರಿಕೆ ಹೇಳಲೇಬೇಕು. ಸ್ಪರ್ಶ ಇಲ್ಲದ ಕಾಲಿಗೆ ಸುಟ್ಟರೂ ಗೊತ್ತಾಗಲ್ಲ, ಹಾಗಾಗಿ ಪ್ಯಾಡ್ ತೆಗೆದ ಕೂಡಲೇ ಚರ್ಮ ನೋಡಿ. ಗಾಯದ ಮೇಲೆ, ಹುಣ್ಣಿನ ಮೇಲೆ ಅಂಟಿಸಬೇಡಿ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಪೆಟ್ಟು ಡಿ6 (ಎದೆಯ ಹಿಂದಿನ ಆರನೇದು) ಅಥವಾ ಅದಕ್ಕಿಂತ ಮೇಲೆ ಇದ್ದರೆ ಇನ್ನೊಂದು ದೊಡ್ಡ ಅಪಾಯ. ಮೂತ್ರಕೋಶ ತುಂಬಿದರೂ, ಪೈಪ್ ಮಡಚಿದರೂ, ಕರೆಂಟಿನ ಚುರುಕಿಗೂ ಬಿಪಿ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಪೆಟ್ಟಿನ ಮೇಲಿನ ಭಾಗ ಬೆವರುತ್ತದೆ. ಕೂಡಲೇ ಕರೆಂಟ್ ನಿಲ್ಲಿಸಿ, ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿ. ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆ. ಪಾರ್ಶ್ವವಾಯು ಹೊಡೆಯುವಷ್ಟು ಬಿಪಿ ಏರುತ್ತದೆ.

ಮಾತ್ರೆಗಳು ಇವೆಯಲ್ಲ ಅಂತ ಕೇಳಬಹುದು. ಇವೆ. ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್ ಥರದವು ಮೂತ್ರಕೋಶವನ್ನು ಸಡಿಲಿಸುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಬೆವರೂ ಕಡಿಮೆಯಾಗಬಹುದು. ಕಲಬುರಗಿಯ ಮೇ ತಿಂಗಳ ಬಿಸಿಲು 43 ಡಿಗ್ರಿ ಮುಟ್ಟುವಾಗ, ಮೊದಲೇ ಪೆಟ್ಟಿನ ಕೆಳಗೆ ಸರಿಯಾಗಿ ಬೆವರದ ಮೈಗೆ ಇದು ಸಣ್ಣ ವಿಷಯ ಅಲ್ಲ. ಮಾತ್ರೆ ಆಗದವರಿಗೆ ಮೂತ್ರಕೋಶದ ಗೋಡೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆ, ಹಲವು ತಿಂಗಳು ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಕೊಡಬೇಕು. ಇವೆರಡೂ ಕೆಲಸ ಮಾಡದಾಗ ಅಥವಾ ಸಹಿಸಲು ಆಗದಾಗ ಕರೆಂಟ್ ನೋಡುವುದು ನ್ಯಾಯ.

ಆದರೆ ಎಲ್ಲದರ ಬುಡದಲ್ಲಿ ಇರುವುದು ಹೊತ್ತು ಹೊತ್ತಿಗೆ ಪೈಪ್ ಹಾಕಿ ಖಾಲಿ ಮಾಡಿ ತೆಗೆಯುವ ಅಭ್ಯಾಸ. 1972ರಲ್ಲಿ ಅಮೆರಿಕದ ಯುರಾಲಜಿ ವೈದ್ಯ ಜ್ಯಾಕ್ ಲ್ಯಾಪಿಡಿಸ್ ಮತ್ತು ಅವರ ಜೊತೆಯವರು ಇದಕ್ಕೆ ಆಪರೇಷನ್ ಥಿಯೇಟರಿನ ಶುದ್ಧಿ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ, ಸ್ವಚ್ಛ ಪೈಪ್ ಸಾಕು ಅಂತ ತೋರಿಸಿದರು. ಕಿಡ್ನಿ ಉಳಿಸಿದ್ದು ಈ ಸರಳ ಅಭ್ಯಾಸವೇ. ದಿನಕ್ಕೆ ನಾಲ್ಕರಿಂದ ಆರು ಸಲ, ಒಂದು ಸಲಕ್ಕೆ 400–500 ಮಿಲಿಲೀಟರ್ ದಾಟದ ಹಾಗೆ. ಕೈ ಆಡುವವರು ತಾವೇ ಕಲಿಯಬಹುದು, ಹೆಣ್ಣುಮಕ್ಕಳೂ ಕನ್ನಡಿ ಇಟ್ಟುಕೊಂಡು ಕಲಿಯುತ್ತಾರೆ. ಸೋರುತ್ತೆ ಅಂತ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ನಮ್ಮ ಬಿಸಿಲಿನಲ್ಲಿ ಅದು ನೇರವಾಗಿ ಕಲ್ಲಿಗೂ ಸೋಂಕಿಗೂ ದಾರಿ. ನೀರು ಕುಡಿಯಿರಿ, ಬೇಕಾದರೆ ಬೇಸಿಗೆಯಲ್ಲಿ ಪೈಪ್ ಒಂದು ಸಲ ಜಾಸ್ತಿ ಹಾಕಿ.

ಕರೆಂಟ್ ಶುರು ಮಾಡುವ ಮೊದಲು ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಪೈಪ್ ಹಾಕಿದಿರಿ, ಅಳತೆಯ ಮಗ್ಗಿನಲ್ಲಿ ಎಷ್ಟು ಮಿಲಿಲೀಟರ್ ಬಂತು, ನಡುವೆ ಎಷ್ಟು ಸಲ ಸೋರಿತು, ಎಷ್ಟು ನೀರು ಕುಡಿದಿರಿ. ಶುರು ಮಾಡಿದ ಮೇಲೆ ಆರನೇ ವಾರ ಒಮ್ಮೆ, 12ನೇ ವಾರ ಒಮ್ಮೆ ಮತ್ತೆ ಮೂರು ಮೂರು ದಿನ ಬರೆಯಿರಿ. ಆ ಪುಸ್ತಕ ಡಾಕ್ಟರ ಮುಂದೆ ಇಡಿ. 12 ವಾರ ಸರಿಯಾಗಿ ಮಾಡಿಯೂ ಅಂಕಿ ಬದಲಾಗದಿದ್ದರೆ ಅವರ ಜೊತೆ ಮಾತಾಡಿ ಅದನ್ನು ನಿಲ್ಲಿಸಿ, ಆ ದುಡ್ಡನ್ನು ಒಳ್ಳೆಯ ಪೈಪಿಗೂ ವರ್ಷಕ್ಕೊಮ್ಮೆಯ ಸೋನೋಗ್ರಫಿಗೂ ಎತ್ತಿಡಿ. ಅಂಕಿ ಸುಧಾರಿಸಿದರೂ ಯುರೋಡೈನಮಿಕ್ ಟೆಸ್ಟ್ ಮತ್ತೊಮ್ಮೆ ಮಾಡಿಸಿ, ಯಾಕೆಂದರೆ ಬಟ್ಟೆ ಒಣಗಿದ್ದರೂ ಒಳಗಿನ ಒತ್ತಡ ಇಳಿದಿದೆಯೋ ಇಲ್ಲವೋ ಅಂತ ಹೇಳುವುದು ಅದೊಂದೇ.